‘ಬಂಗಾರದ ಮನುಷ್ಯ’: ಒಂದು ಚಲಚ್ಚಿತ್ರದ ವಾಚ್ಯವೂ ವ್ಯಂಗ್ಯವೂ

೧

ಕನ್ನಡ ವಾಕ್ಚಿತ್ರದ ಚರಿತ್ರೆಯು ೧೯೩೪ರಲ್ಲಿ ‘ಸತಿ ಸುಲೋಚನಾ’ದಿಂದ ಆರಂಭವಾಗುತ್ತದೆ. ಅಂದಿನಿಂದ ಇಂದಿನವರೆಗೆ ಹೊರಬಂದ ಚಿತ್ರಗಳ ಸಂಖ್ಯೆ ದೊಡ್ಡದು. ಆದರೆ ಜನಜೀವನದ ಮೇಲೆ ಪ್ರಭಾವವನ್ನು ಬೀರಿದುವೆಂದು ಎಲ್ಲರೂ ಒಮ್ಮತದಿಂದ ಹೆಸರಿಸುವ ಚಿತ್ರಗಳು ಬಹು ಕೆಲವು. ಅವುಗಳಲ್ಲಿ ‘ಬಂಗಾರದ ಮನುಷ್ಯ’ವು ಮೊದಲ ಸಾಲಿನಲ್ಲಿ ನಿಲ್ಲುವುದು. ಟಿ. ಕೆ. ರಾಮರಾಯರ ಅದೇ ಹೆಸರಿನ ಕಾದಂಬರಿಯನ್ನು ಆಧಾರವಾಗಿಟ್ಟುಕೊಂಡು ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ಈ ವರ್ಣಚಿತ್ರವು ೧೯೭೨ನೆಯ ಇಸವಿ ಮಾರ್ಚ್ ೩೧ರಂದು ತೆರೆಯನ್ನು ಕಂಡಿತು. ರಾಜಕುಮಾರ್ ನಾಯಕ, ಭಾರತಿ ನಾಯಿಕೆ, ಸಂಗೀತ ಜಿ. ಕೆ. ವೆಂಕಟೇಶರದು. ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿದ್ದ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಅದು ಎರಡು ವರ್ಷಗಳ ಕಾಲ ನಡೆಯಿತು.

ಈ ಚಿತ್ರವನ್ನು ನೋಡಿದ ಅನೇಕ ವಿದ್ಯಾವಂತ ತರುಣರು ಪಟ್ಟಣದ ಉದ್ಯೋಗವನ್ನು ತೊರೆದು ಹಳ್ಳಿಗೆ ಹಿಂದಿರುಗಿ ಬೇಸಾಯಕ್ಕೆ ಕೈಹಾಕಿದರೆಂಬ ಮಾತು ಕರ್ನಾಟಕದಲ್ಲಿ ಐದು ದಶಕಗಳಿಂದ ಪ್ರಚಲಿತವಾಗಿದೆ. ಚಿತ್ರವನ್ನು ಕುರಿತು ಬರೆಯುವವರೆಲ್ಲರೂ ಈ ಮಾತನ್ನು ಹೇಳುವರು. ಹೇಳಿ ಅಲ್ಲಿಗೆ ನಿಲ್ಲಿಸುವರು. ವಿಚಾರವು ಆರಂಭವಾಗಬೇಕಾದುದು ಅಲ್ಲಿಂದ. ಒಂದು ಚಿತ್ರವು ಪ್ರೇಕ್ಷಕರಿಗೆ ಏನನ್ನು ಬೋಧಿಸಿತು ಎಂಬುದು ಒಂದು ಪ್ರಶ್ನೆ. ಆ ಬೋಧೆಯನ್ನು ಯಾವ ರೂಪದಿಂದ, ಯಾವ ಉಪಾಯಗಳಿಂದ ಅವರ ಹೃದಯಕ್ಕೆ ಮುಟ್ಟಿಸಿತು ಎಂಬುದು ಇನ್ನೊಂದು ಪ್ರಶ್ನೆ. ಹಾಗೆ ಮುಟ್ಟಿಸುವಾಗ ಯಾವುದನ್ನು ಕಣ್ಣಿಗೆ ಕಾಣದಂತೆ ಮಾಡಿತು ಎಂಬುದು ಮೂರನೆಯ ಪ್ರಶ್ನೆ. ಮೊದಲನೆಯದಕ್ಕೆ ಕಥೆಯೇ ಉತ್ತರ ಕೊಡುವುದು. ಉಳಿದ ಎರಡಕ್ಕೆ ಚಲಚ್ಚಿತ್ರ ಮೀಮಾಂಸೆಯ ಸಹಾಯ ಬೇಕು.

ಬೇಸಾಯವನ್ನು ಕುರಿತ ಚಿತ್ರವನ್ನು ಬೇಸಾಯದ ನೆಲದಲ್ಲಿ ನಿಂತು ಪರೀಕ್ಷಿಸುವುದು ಯುಕ್ತ. ಆದುದರಿಂದ ಇಲ್ಲಿ ವಿಚಾರದ ನೆಲೆಯಾಗಿ ಹಗರಿಬೊಮ್ಮನಹಳ್ಳಿ ತಾಲೂಕಿನ ತಂಬ್ರಹಳ್ಳಿಯನ್ನೂ ಅದರ ಸುತ್ತಣ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಸೀಮೆಯನ್ನೂ ಇಟ್ಟುಕೊಂಡಿದೆ. ಚಿತ್ರದ ನಾಯಕನು ಕಲ್ಲುಭೂಮಿಯನ್ನು ಹೊಲವನ್ನಾಗಿ ಮಾಡುತ್ತಾನೆ. ಈ ಸೀಮೆಯ ಒಕ್ಕಲಿಗನಿಗೆ ಕಲ್ಲೂ ಹೊಲವೂ ಬಹು ಪೀಳಿಗೆಗಳಿಂದ ಒಟ್ಟಿಗೇ ಬಂದ ಪಿತ್ರಾರ್ಜಿತ. ಚಿತ್ರದ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಒರೆಗೆ ಹಚ್ಚಿ ನೋಡಲು ಇದಕ್ಕಿಂತ ತಕ್ಕ ಸ್ಥಳವನ್ನು ಹುಡುಕಬೇಕಾಗಿಲ್ಲ.

೨

ಕಥಾವಸ್ತುವನ್ನು ಸಂಕ್ಷೇಪವಾಗಿ ಹೇಳಬಹುದು. ರಾಜೀವನೆಂಬ ತರುಣನು ಅಕ್ಕನ ಊರಿಗೆ ಬರುತ್ತಾನೆ. ಭಾವನು ಅಕಾಲದಲ್ಲಿ ತೀರಿಕೊಳ್ಳುತ್ತಾನೆ. ಅಕ್ಕನೂ ಮಕ್ಕಳೂ ದಿಕ್ಕಿಲ್ಲದವರಾಗುತ್ತಾರೆ. ರಾಜೀವನು ತನ್ನ ಸ್ವಂತ ಬಾಳಿನ ಯೋಚನೆಯನ್ನು ಬದಿಗಿಟ್ಟು ಆ ಸಂಸಾರದ ಭಾರವನ್ನು ಹೊರುತ್ತಾನೆ. ಸಾಲ ತೀರುತ್ತದೆ, ಬಂಜರು ಭೂಮಿ ಒಡೆದು ಬೆಳೆಗೆ ಬರುತ್ತದೆ, ಹೊಸ ಸಲಕರಣೆಗಳೂ ಹೊಸ ಪದ್ಧತಿಗಳೂ ಊರಿಗೆ ಬರುತ್ತವೆ, ಒಬ್ಬನ ಏಳಿಗೆಯು ಊರಿನ ಏಳಿಗೆಯಾಗುತ್ತದೆ. ಬಾಲಕೃಷ್ಣರು ಅಭಿನಯಿಸಿದ ರಾಚೂಟಪ್ಪನೆಂಬ ಹಿರಿಯನು ಅವನಿಗೆ ಬೆಂಬಲವಾಗಿ ನಿಲ್ಲುತ್ತಾನೆ. ರಾಜೀವನು ಮೆಚ್ಚಿ ಕೈಹಿಡಿದ ಲಕ್ಷ್ಮಿಯು ಗೂಳಿಯ ತಿವಿತಕ್ಕೆ ಸಿಕ್ಕಿ ಮಡಿಯುತ್ತಾಳೆ. ಅವನು ಓದಿಸಿ ಮುಂದಕ್ಕೆ ತಂದ ಅಕ್ಕನ ಮಗ ಕೇಶವನು ಕಡೆಗೆ ಅವನನ್ನೇ ಸಂದೇಹಿಸುತ್ತಾನೆ. ಆಸ್ತಿಯ ಲೆಕ್ಕವನ್ನು ಕೇಳುತ್ತಾನೆ. ರಾಜೀವನು ಮರೆಯಲ್ಲಿ ನೆರವಾಗುತ್ತಿದ್ದ ಒಬ್ಬ ಹೆಂಗಸಿನ ವಿಷಯದಲ್ಲಿ ಕೆಟ್ಟ ಮಾತನ್ನಾಡುತ್ತಾನೆ. ರಾಜೀವನು ಉಣ್ಣುತ್ತಿದ್ದ ಅನ್ನವನ್ನು ಬಿಟ್ಟೆದ್ದು ಹೊರಟುಹೋಗುತ್ತಾನೆ. ಅವನು ನಿರ್ದೋಷಿಯೆಂಬುದು ಮನೆಯವರಿಗೆ ತಿಳಿಯುವ ವೇಳೆಗೆ ಕಾಲ ಮೀರಿರುತ್ತದೆ. ಅವನು ಮರಳಿ ಬರುವುದಿಲ್ಲ.

ಈ ಕಥೆಯ ಬೋಧೆಯಾವುದು ಎಂದು ಕೇಳಿದರೆ ಹೆಚ್ಚಿನವರು ‘ಹಳ್ಳಿಗೆ ಹೋಗು, ನೆಲವನ್ನು ನಂಬು, ದುಡಿ’ ಎಂಬುದೇ ಎಂದು ಹೇಳುವರು. ಇದು ಚಿತ್ರದ ವಾಚ್ಯಾರ್ಥ. ಆದರೆ ಕಥೆಯ ಕೊನೆಯಲ್ಲಿ ನಾಯಕನು ಮಾಡುವ ಕೆಲಸವು ಇದಕ್ಕೆ ನೇರವಾಗಿ ವಿರುದ್ಧವಾದುದು: ಅವನು ಹಳ್ಳಿಯನ್ನು ಬಿಡುತ್ತಾನೆ, ತಾನು ಹಸನುಮಾಡಿದ ನೆಲವನ್ನು ತ್ಯಜಿಸುತ್ತಾನೆ. ವಾಚ್ಯವು ‘ನಿಲ್ಲು’ ಎನ್ನುತ್ತಿರಲು, ನೋಡಿದವನ ಮನಸ್ಸಿನಲ್ಲಿ ಚಿರಕಾಲ ಉಳಿಯುವ ಚಿತ್ರವು ಹೊರಟುಹೋದವನದು. ಕಾವ್ಯದಲ್ಲಿ ವಾಚ್ಯವನ್ನು ಮೀರಿ, ಕೆಲವೊಮ್ಮೆ ಅದಕ್ಕೆ ಎದುರಾಗಿ, ಇನ್ನೊಂದು ಅರ್ಥವು ಹೊರಡುವುದೆಂದು ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಸ್ಥಾಪಿಸಿದನು. ವಿಧಿರೂಪವಾದ ವಾಚ್ಯದಿಂದ ನಿಷೇಧರೂಪವಾದ ವ್ಯಂಗ್ಯವು ಹೊರಡಬಹುದೆಂಬುದು ಆತನು ಮೊದಲಿಗೇ ತೋರಿಸಿಕೊಡುವ ಸಂಗತಿಗಳಲ್ಲಿ ಒಂದು. ‘ಬಂಗಾರದ ಮನುಷ್ಯ’ದ ಬಲವೂ ಅದರ ತೊಡಕೂ ಈ ವಾಚ್ಯ ವ್ಯಂಗ್ಯಗಳ ನಡುವಣ ಅಂತರದಲ್ಲಿಯೇ ಇವೆ.

೩

ಮೊದಲು ದುಡಿಮೆಯನ್ನು ಚಿತ್ರವು ತೋರಿಸುವ ರೀತಿಯನ್ನು ನೋಡಬಹುದು. ಬಂಜರು ನೆಲವು ಬೆಳೆಯ ಹೊಲವಾಗುವುದಕ್ಕೆ ನಿಜವಾದ ಬಾಳಿನಲ್ಲಿ ಹಲವು ವರ್ಷಗಳು ಬೇಕು. ಚಿತ್ರದಲ್ಲಿ ಅದು ಕೈಕಟ್ಟಿ ಕೂಡುವುದನ್ನು ಹಳಿದು ಛಲವನ್ನು ಹೊಗಳುವ ಒಂದು ಹಾಡಿನ ಅವಧಿಯಲ್ಲಿ ನಡೆದುಹೋಗುತ್ತದೆ. ಹಾಡಿನ ಲಯವು ಬಿಡಿಬಿಡಿ ದೃಶ್ಯಗಳನ್ನು ಒಂದು ದಾರದಲ್ಲಿ ಪೋಣಿಸಿ, ನಡುವೆ ಕಳೆದ ಕಾಲವನ್ನು ಲೆಕ್ಕಕ್ಕೆ ಬಾರದಂತೆ ಮಾಡುತ್ತದೆ.

ದೃಶ್ಯಖಂಡಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು, ಅವೆರಡರಲ್ಲಿಯೂ ಇಲ್ಲದ ಮೂರನೆಯ ಅರ್ಥವನ್ನು ಹುಟ್ಟಿಸುವ ಈ ಕ್ರಿಯೆಗೆ ಮೊಂಟಾಜ್ ಎಂದು ಹೆಸರು. ೧೯೨೦ರ ದಶಕದಲ್ಲಿ ರಷ್ಯಾದ ಕುಲೆಶೋವ್, ಐಸೆನ್‌ಸ್ಟೈನ್ ಮೊದಲಾದವರು ಇದನ್ನು ಒಂದು ಶಾಸ್ತ್ರವನ್ನಾಗಿ ಬೆಳೆಯಿಸಿದರು. ಐಸೆನ್‌ಸ್ಟೈನನು ೧೯೨೯ರಲ್ಲಿ ಹೊರತಂದ ‘ಹಳತು ಮತ್ತು ಹೊಸತು’ ಎಂಬ ಚಿತ್ರವೂ ಬೇಸಾಯವನ್ನೇ ಕುರಿತದ್ದು. ಅಲ್ಲಿ ಒಂದು ಹಳ್ಳಿಗೆ ಹಾಲಿನಿಂದ ಕೆನೆಯನ್ನು ಬೇರ್ಪಡಿಸುವ ಯಂತ್ರವು ಬರುತ್ತದೆ. ಸಂದೇಹದಿಂದ ನೋಡುವ ರೈತರ ಮುಖಗಳು, ತಿರುಗುವ ಚಕ್ರ, ಕೊಳವೆಯ ತುದಿಯಲ್ಲಿ ತೂಗುವ ಒಂದು ಹನಿ. ಆ ಹನಿಯು ಬಿದ್ದೊಡನೆ ಸಂದೇಹವು ಕರಗಿ ಉತ್ಸಾಹವು ಉಕ್ಕುತ್ತದೆ. ಕನ್ನಡ ಚಿತ್ರದ ಹಾಡು ಮಾಡುವ ಕೆಲಸವೂ ಇದರ ಜಾತಿಗೆ ಸೇರಿದುದು. ಭೇದವಿರುವುದು ಒಂದು ಕಡೆ: ಅಲ್ಲಿ ಉತ್ಸಾಹದ ಆಶ್ರಯವು ಯಂತ್ರವೂ ಸಮೂಹವೂ ಆಗಿರುವುವು, ಇಲ್ಲಿ ಒಬ್ಬ ವ್ಯಕ್ತಿಯ ಛಲ.

ಮೊಂಟಾಜ್ ಪಂಥಕ್ಕೆ ಎದುರಾಗಿ ಫ್ರಾನ್ಸಿನ ವಿಮರ್ಶಕ ಆಂದ್ರೆ ಬಾಜಾನನು ಇನ್ನೊಂದು ಮತವನ್ನು ಪ್ರತಿಪಾದಿಸಿದನು. ಫ್ಲಾಹರ್ಟಿಯು ೧೯೨೨ರಲ್ಲಿ ತೆಗೆದ ‘ನಾನೂಕ್’ ಚಿತ್ರದಲ್ಲಿ ಹಿಮಪ್ರದೇಶದ ಬೇಟೆಗಾರನು ಸೀಲ್ ಎಂಬ ಪ್ರಾಣಿಗಾಗಿ ಕಾಯುವ ಪ್ರಸಂಗವನ್ನು ಆತನು ಉದಾಹರಣೆಯಾಗಿ ಎತ್ತಿಕೊಳ್ಳುತ್ತಾನೆ. ಆ ಕಾಯುವಿಕೆಯನ್ನು ಕತ್ತರಿಸಿ ಸೂಚಿಸಬಹುದಾಗಿತ್ತು. ಫ್ಲಾಹರ್ಟಿಯು ಹಾಗೆ ಮಾಡದೆ ಕಾಯುವಿಕೆಯ ದೀರ್ಘತೆಯನ್ನೇ ತೋರಿಸಿದನು. ಏಕೆಂದರೆ ಬೇಟೆಯ ತಿರುಳು ಆ ಕಾಯುವಿಕೆಯೇ ಆಗಿದೆ. ಈ ಮಾತನ್ನು ಬೇಸಾಯಕ್ಕೆ ಅನ್ವಯಿಸಿದರೆ ‘ಬಂಗಾರದ ಮನುಷ್ಯ’ದಲ್ಲಿ ಬಿಟ್ಟುಹೋದುದೇನೆಂಬುದು ಗೊತ್ತಾಗುತ್ತದೆ. ಮಳೆಯನ್ನು ನಂಬಿದ ಸೀಮೆಯಲ್ಲಿ ಬೇಸಾಯದ ಅರ್ಧಪಾಲು ಕಾಯುವಿಕೆ. ಬಿತ್ತನೆಗೆ ಹದವನ್ನು ಕಾಯಬೇಕು. ಮೊಳಕೆಯೊಡೆದ ಮೇಲೆ ಎರಡನೆಯ ಮಳೆಯನ್ನು ಕಾಯಬೇಕು. ತೆನೆ ಹಾಲುಗಟ್ಟುವಾಗ ಮತ್ತೊಮ್ಮೆ ಆಕಾಶವನ್ನು ನೋಡಬೇಕು. ಹಾಡಿನ ಸಂಕಲನವು ದುಡಿಮೆಯನ್ನು ಇಟ್ಟುಕೊಂಡು ಕಾಯುವಿಕೆಯನ್ನು ತೆಗೆದುಹಾಕುತ್ತದೆ. ಹೀಗಾಗಿ ಮನುಷ್ಯನ ಕೈಯಲ್ಲಿರುವುದು ಮಾತ್ರ ಉಳಿದು, ಅವನ ಕೈಯಲ್ಲಿಲ್ಲದುದು ಮರೆಯಾಗುತ್ತದೆ. ಛಲವೊಂದಿದ್ದರೆ ಸಾಕೆಂಬ ಅರ್ಥವು ಹಾಡಿನ ಮಾತುಗಳಿಂದ ಎಷ್ಟು ಹುಟ್ಟುವುದೋ ಈ ಕತ್ತರಿಯ ಕೆಲಸದಿಂದಲೂ ಅಷ್ಟೇ ಹುಟ್ಟುತ್ತದೆ.

ಅದೇ ಹಾಡಿನಲ್ಲಿ ಬರುವ ದೃಷ್ಟಾಂತಗಳು ಗಮನಾರ್ಹವಾಗಿವೆ. ಕಗ್ಗಲ್ಲಿಗೆ ಅಂಜದ ಶಿಲ್ಪಿಯೂ, ಅವನಿಂದ ಈ ನಾಡಿಗೆ ಬಂದ ಗೊಮ್ಮಟನೂ ಅಲ್ಲಿ ನೆನೆಯಲ್ಪಡುತ್ತಾರೆ. ಅನಂತರ ವಿಶ್ವೇಶ್ವರಯ್ಯನವರೂ ಕನ್ನಂಬಾಡಿ ಕಟ್ಟೆಯೂ ಬರುತ್ತವೆ. ಇವೆರಡೂ ವೈಯಕ್ತಿಕ ಛಲಕ್ಕೆ ಉದಾಹರಣೆಗಳಾಗಿ ಉಕ್ತವಾಗಿವೆ. ಆದರೆ ಗೊಮ್ಮಟನ ಹಿಂದೆ ಗಂಗರ ಮಂತ್ರಿಯಾದ ಚಾವುಂಡರಾಯನ ಅಧಿಕಾರವೂ ಐಶ್ವರ್ಯವೂ ಇದ್ದುವು. ೧೯೧೧ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಹಿಂದೆ ಮೈಸೂರು ಸಂಸ್ಥಾನದ ಬೊಕ್ಕಸವೂ ಸಾವಿರಾರು ಕೂಲಿಗಾರರ ಬೆವರೂ ಇದ್ದುವು. ಮೆಹಬೂಬ್ ಖಾನರ ಹಿಂದೀ ಚಿತ್ರ ‘ಮದರ್ ಇಂಡಿಯಾ’ (೧೯೫೭) ಕಾಲುವೆಯ ಪ್ರಾರಂಭೋತ್ಸವದಿಂದಲೇ ಕಥೆಯನ್ನು ತೊಡಗಿ, ನೀರನ್ನು ತರುವವನು ಯಾರೆಂಬುದನ್ನು ಬಿಚ್ಚಿ ಹೇಳುತ್ತದೆ. ‘ಬಂಗಾರದ ಮನುಷ್ಯ’ದಲ್ಲಿ ರಾಜ್ಯಶಕ್ತಿಯು ಹಾಡಿನ ಒಂದು ಉಪಮಾನವಾಗಿ ಬಂದು ಅಷ್ಟರಲ್ಲಿಯೇ ಹಿಂದೆ ಸರಿಯುತ್ತದೆ.

೪

ಛಲವೇ ಸಾಕೆಂಬ ಮಾತನ್ನು ಪ್ರೇಕ್ಷಕನು ನಂಬುವಂತೆ ಮಾಡುವ ಎರಡನೆಯ ಉಪಾಯವು ನಟನ ವ್ಯಕ್ತಿತ್ವ. ಪ್ರಖ್ಯಾತನಾದ ನಟನು ತೆರೆಯ ಮೇಲೆ ಬರುವಾಗ ಒಬ್ಬನೇ ಬರುವುದಿಲ್ಲ. ಅವನು ಹಿಂದೆ ಧರಿಸಿದ ಪಾತ್ರಗಳೆಲ್ಲವೂ ಅವನ ಬೆನ್ನ ಹಿಂದೆ ಬರುತ್ತವೆ. ಬ್ರಿಟಿಷ್ ವಿದ್ವಾಂಸ ರಿಚರ್ಡ್ ಡಯರ್ ೧೯೭೯ರಲ್ಲಿ ತಾರೆಯರನ್ನು ಕುರಿತು ಬರೆದ ಗ್ರಂಥದಲ್ಲಿ, ತಾರೆಯೆಂಬುದು ಒಬ್ಬ ವ್ಯಕ್ತಿಗಿಂತ ಹೆಚ್ಚಾಗಿ ಅನೇಕ ಅರ್ಥಗಳು ಕೂಡಿ ಆದ ಒಂದು ಬಿಂಬವೆಂದು ವಿವರಿಸಿದ್ದಾನೆ.

ರಾಜಕುಮಾರರ ವಿಷಯದಲ್ಲಿ ಈ ಬಿಂಬವು ವಿಶೇಷವಾದುದು. ಗುಬ್ಬಿ ವೀರಣ್ಣನವರ ನಾಟಕ ಕಂಪೆನಿಯಲ್ಲಿ ಪಳಗಿದ ಅವರು ೧೯೫೪ರ ‘ಬೇಡರ ಕಣ್ಣಪ್ಪ’ನಿಂದ ತೊಡಗಿ ಹದಿನೆಂಟು ವರ್ಷಗಳ ಕಾಲ ಭಕ್ತರೂ ವೀರರೂ ರಾಜರೂ ಆಗಿ ಕಾಣಿಸಿಕೊಂಡಿದ್ದರು. ೧೯೬೦ರಲ್ಲಿ ಅವರು ಕನಕದಾಸರು, ೧೯೭೦ರಲ್ಲಿ ಶ್ರೀಕೃಷ್ಣದೇವರಾಯ. ತಂಬ್ರಹಳ್ಳಿಯ ಸೀಮೆಯವರಿಗೆ ವಿಜಯನಗರದ ಹಾಳುಪಟ್ಟಣವು ನೆರೆಹೊರೆಯ ಸ್ಥಳ. ಹಂಪೆಯ ಅರಸನಾಗಿ ಅವರು ತೆರೆಯ ಮೇಲೆ ಕಂಡ ಎರಡು ವರ್ಷಗಳಲ್ಲಿ ಅದೇ ಮುಖವು ಮಣ್ಣು ಮೆತ್ತಿದ ರೈತನಾಗಿ ಕಂಡಿತು. ರೈತನಿಗೆ ಇದರಿಂದ ದೊರೆತ ಗೌರವವು ಸಾಮಾನ್ಯವಾದುದಲ್ಲ. ಭಕ್ತನ ಏಕಾಗ್ರತೆಯೂ ರಾಜನ ಘನತೆಯೂ ನೇಗಿಲು ಹಿಡಿದ ಕೈಗೆ ವರ್ಗವಾದುವು.

ಇದು ಆ ಕಾಲಕ್ಕೆ ಬೇಕಾಗಿದ್ದ ಗೌರವ. ಓದಿದವನು ಹೊಲಕ್ಕೆ ಇಳಿಯಬಾರದು, ಇಳಿದರೆ ಓದು ವ್ಯರ್ಥವಾಯಿತು ಎಂಬ ಭಾವನೆಯು ಹಳ್ಳಿಗಳಲ್ಲಿಯೇ ಬಲವಾಗಿತ್ತು. ಸಣ್ಣ ಊರುಗಳ ಟೂರಿಂಗ್ ಟಾಕೀಸಿನ ಡೇರೆಗಳಲ್ಲಿ ‘ನೆಲ’ವೆಂಬ ಅಗ್ಗದ ದರ್ಜೆಯಲ್ಲಿ ಮಣ್ಣಿನ ಮೇಲೆಯೇ ಕುಳಿತು ಚಿತ್ರ ನೋಡುತ್ತಿದ್ದ ಒಕ್ಕಲುಮಕ್ಕಳು, ತಮ್ಮ ತಂದೆತಾಯಿಗಳ ಕಸುಬನ್ನು ನಾಡಿನ ಅತ್ಯಂತ ಪ್ರಿಯನಾದ ನಟನು ತನ್ನದನ್ನಾಗಿ ಮಾಡಿಕೊಂಡುದನ್ನು ಕಂಡರು. ಕನ್ನಡದಲ್ಲಿ ಪೂರ್ಣ ವರ್ಣಚಿತ್ರವು ೧೯೬೪ರ ‘ಅಮರಶಿಲ್ಪಿ ಜಕಣಾಚಾರಿ’ಯಿಂದ ಮೊದಲಾಗಿದ್ದರೂ ೧೯೭೨ರಲ್ಲಿ ಅದು ಇನ್ನೂ ವಿರಳವಾಗಿಯೇ ಇತ್ತು. ಅಲ್ಲಿಯವರೆಗೆ ಹೆಚ್ಚಾಗಿ ಬೂದು ಬಣ್ಣದಲ್ಲಿ ಕಂಡ ಪೈರು ಈ ತೆರೆಯ ಮೇಲೆ ಹಸುರಾಗಿ ಕಂಡಿತು. ಎಷ್ಟು ಮಂದಿ ಪಟ್ಟಣವನ್ನು ಬಿಟ್ಟರೆಂಬ ಎಣಿಕೆಗಿಂತ ಈ ಮಾನದ ಏರಿಕೆಯು ಚಿತ್ರದ ಹೆಚ್ಚು ಗಟ್ಟಿಯಾದ ಸಾಮಾಜಿಕ ಪರಿಣಾಮವೆಂದು ಹೇಳಬಹುದಾಗಿದೆ. ಊರಿಗೆ ಹಿಂದಿರುಗಿದವರ ಕಥೆಯು ಇಷ್ಟು ಕಾಲ ಬಾಳಿ ಬಂದುದೂ ಆ ಮಾನದ ಆಸೆಯಿಂದಲೇ.

೫

ಇನ್ನು ಕಥೆಯ ಕೊನೆ. ಗೆದ್ದವನು ಗೆದ್ದುದನ್ನು ಬಿಟ್ಟು ಹೊರಡುವ ಸನ್ನಿವೇಶವು ಕನ್ನಡ ಸಾಹಿತ್ಯಕ್ಕೆ ಹೊಸದಲ್ಲ. ೯೪೧ರಲ್ಲಿ ಪಂಪನು ರಚಿಸಿದ ‘ಆದಿಪುರಾಣ’ದಲ್ಲಿ ಬಾಹುಬಲಿಯು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಅಣ್ಣನಾದ ಭರತನನ್ನು ಸೋಲಿಸಿ, ಗೆಲವಿನ ಕ್ಷಣದಲ್ಲಿಯೇ ರಾಜ್ಯಕ್ಕೆ ಹೇಸಿ ತಪಸ್ಸಿಗೆ ತೆರಳುತ್ತಾನೆ. ಒಡಹುಟ್ಟಿದವರ ನಡುವೆ ನೆಲಕ್ಕಾಗಿ ಹುಟ್ಟಿದ ಕಲಹವು ನೆಲದ ಮೇಲೆಯೇ ಜುಗುಪ್ಸೆಯನ್ನು ತರುತ್ತದೆ. ರಾಜೀವನ ನಿರ್ಗಮನವು ಇದೇ ಎರಕದಲ್ಲಿ ಹೊಯ್ದುದು. ಚಿತ್ರದ ಹಾಡಿನಲ್ಲಿ ಶಿಲ್ಪಿಯ ಛಲಕ್ಕೆ ಸಾಕ್ಷಿಯಾಗಿ ಬಂದ ಗೊಮ್ಮಟನು ಕೊನೆಯಲ್ಲಿ ತನ್ನ ನಿಜವಾದ ಅರ್ಥದೊಡನೆ, ತ್ಯಾಗಿಯ ಮೂರ್ತಿಯಾಗಿ, ಮರಳಿ ಬರುತ್ತಾನೆ. ಆಧುನಿಕ ಬೇಸಾಯವನ್ನು ಬೋಧಿಸುವ ಕಥೆಯು ಅತ್ಯಂತ ಪ್ರಾಚೀನವಾದ ಆದರ್ಶವನ್ನು ಆಶ್ರಯಿಸಿ ಮುಗಿಯುತ್ತದೆ. ‘ಬಂಗಾರ’ವೆಂಬ ವಿಶೇಷಣವು ಮೊದಲು ಬೆಳೆಗೆ ಸಲ್ಲುವಂತೆ ತೋರಿ, ಕಡೆಗೆ ಬಿಟ್ಟುಹೋದವನ ಗುಣಕ್ಕೆ ಸಲ್ಲುತ್ತದೆ.

ಪಾಶ್ಚಾತ್ಯ ವಿಮರ್ಶಕರು ಮೆಲೊಡ್ರಾಮ ಎಂದು ಕರೆಯುವ ಪ್ರಕಾರದ ವಿಚಾರವು ಇಲ್ಲಿ ಉಪಯುಕ್ತವಾಗಿದೆ. ಪೀಟರ್ ಬ್ರೂಕ್ಸ್ ೧೯೭೬ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ ಈ ಪ್ರಕಾರದ ಮುಖ್ಯ ವ್ಯಾಪಾರವು ಶೀಲದ ಗುರುತಿಸುವಿಕೆ: ಸದ್ಗುಣವು ಮೊದಲು ಮರೆಯಾಗಿ, ಅಪವಾದಕ್ಕೆ ಗುರಿಯಾಗಿ, ಕೊನೆಗೆ ಲೋಕಕ್ಕೆ ಪ್ರಕಟವಾಗಬೇಕು. ನಾಯಕನು ತನ್ನ ಪರವಾಗಿ ತಾನೇ ವಾದಿಸುವುದಿಲ್ಲ. ಅವನ ಮೌನವೇ ಅವನ ಶುದ್ಧಿಗೆ ಪ್ರಮಾಣ. ನಮ್ಮ ಅಲಂಕಾರಿಕರು ಹೇಳಿದ ಕರುಣವೂ ಶಾಂತವೂ ಇಲ್ಲಿ ಒಂದರೊಡನೊಂದು ಬೆರೆಯುತ್ತವೆ. ಉಂಡ ಮನೆಯ ಅನ್ನವನ್ನು ಅರ್ಧದಲ್ಲಿ ಬಿಟ್ಟೇಳುವ ದೃಶ್ಯವು ಕನ್ನಡ ಪ್ರೇಕ್ಷಕನನ್ನು ಅಷ್ಟು ಆಳವಾಗಿ ಕಲಕಿದುದಕ್ಕೆ ಅನ್ನಕ್ಕೂ ಋಣಕ್ಕೂ ನಮ್ಮ ನುಡಿಯಲ್ಲಿರುವ ಸಂಬಂಧವೇ ಕಾರಣ. ಬೆಳೆದವನಿಗೇ ಅನ್ನದ ಋಣ ತೀರಿತೆಂಬುದು ಮಾತಿಲ್ಲದೆ ಧ್ವನಿತವಾಗುತ್ತದೆ.

ಇದೇ ಪ್ರಕಾರಕ್ಕೆ ಇನ್ನೊಂದು ಸ್ವಭಾವವನ್ನೂ ವಿಮರ್ಶಕರು ಗುರುತಿಸಿದ್ದಾರೆ: ಸಮಾಜದಲ್ಲಿ ಪರಿಹಾರವಾಗದ ವಿರೋಧವನ್ನು ಅದು ಸಂಸಾರದೊಳಗಿನ ಕಲಹವಾಗಿ ಮಾರ್ಪಡಿಸುತ್ತದೆ. ‘ಬಂಗಾರದ ಮನುಷ್ಯ’ವು ತೆರೆಕಂಡುದಕ್ಕೆ ಹನ್ನೊಂದು ದಿನಗಳ ಹಿಂದೆ, ೧೯೭೨ರ ಮಾರ್ಚ್ ೨೦ರಂದು, ಡಿ. ದೇವರಾಜ ಅರಸರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು. ೧೯೬೧ರ ಭೂಸುಧಾರಣಾ ಶಾಸನವು ಅವರ ಕಾಲದಲ್ಲಿ ತಿದ್ದುಪಡಿಯನ್ನು ಹೊಂದಿ ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದಿತು, ಗೇಣಿಪದ್ಧತಿಯು ರದ್ದಾಯಿತು. ೧೯೫೧ರ ಕಾಗೋಡು ಸತ್ಯಾಗ್ರಹದ ಕಾಲದಿಂದ ಕೇಳಿಬರುತ್ತಿದ್ದ ‘ಉಳುವವನೇ ಹೊಲದೊಡೆಯ’ನೆಂಬ ಕೂಗು ಶಾಸನದ ಬಲವನ್ನು ಪಡೆಯಿತು. ಚಿತ್ರದಲ್ಲಿ ಗೇಣಿದಾರನೂ ಇಲ್ಲ, ಜಮೀನುದಾರನೊಡನೆ ಹೋರಾಟವೂ ಕಥೆಯ ಕೇಂದ್ರದಲ್ಲಿಲ್ಲ. ಆದರೂ ಆ ಕಾಲದ ದೊಡ್ಡ ಪ್ರಶ್ನೆಯು ಮನೆಯ ಊಟದ ಪಂಕ್ತಿಯಲ್ಲಿ ತಲೆಯೆತ್ತುತ್ತದೆ. ದುಡಿದವನು ರಾಜೀವ, ಹಕ್ಕುದಾರನೆಂದು ಲೆಕ್ಕ ಕೇಳುವವನು ಕೇಶವ. ಉತ್ತವನಿಗೆ ಹೊಲವೋ, ಹುಟ್ಟಿನಿಂದ ಹಕ್ಕು ಪಡೆದವನಿಗೆ ಹೊಲವೋ? ಚಿತ್ರವು ಪ್ರಶ್ನೆಯನ್ನು ಅತ್ಯಂತ ತೀಕ್ಷ್ಣವಾಗಿ ಎತ್ತಿ, ಉತ್ತವನನ್ನು ಹೊರಕ್ಕೆ ಕಳುಹಿಸಿ, ಅವನ ಔದಾರ್ಯವನ್ನು ಕಣ್ಣೀರಿನಿಂದ ಗೌರವಿಸುತ್ತದೆ. ಹಕ್ಕಿನ ಪ್ರಶ್ನೆಗೆ ತ್ಯಾಗವನ್ನು ಉತ್ತರವಾಗಿ ಕೊಟ್ಟುದು ಈ ಚಿತ್ರದ ಸೌಂದರ್ಯವೂ ಹೌದು, ಅದರ ಮಿತಿಯೂ ಹೌದು.

೬

ಈ ಮಿತಿಯನ್ನು ತಂಬ್ರಹಳ್ಳಿಯ ಸೀಮೆಯಿಂದ ಅಳೆದು ನೋಡಬಹುದು. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಈ ತಾಲೂಕುಗಳು ಮೊದಲು ಮದ್ರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದು, ೧೯೫೩ನೆಯ ಅಕ್ಟೋಬರ್ ೧ರಂದು ಮೈಸೂರು ರಾಜ್ಯವನ್ನು ಸೇರಿದುವು. ೧೮೦೦ರಲ್ಲಿ ಕುಂಪಣಿಯ ವಶಕ್ಕ ಬಂದ ಈ ಸೀಮೆಯಲ್ಲಿ ಥಾಮಸ್ ಮನ್ರೋ ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದನು. ಆದಕಾರಣ ರೈತನ ಹೆಸರಿನಲ್ಲಿಯೇ ಪಟ್ಟಾ ಇರುವುದು ಇಲ್ಲಿ ಹಳೆಯ ವಾಡಿಕೆ. ೧೯೭೪ರ ಶಾಸನವು ಗೇಣಿಯು ಹಬ್ಬಿದ್ದ ಕರಾವಳಿಯಲ್ಲಿ ಮಾಡಿದಂಥ ಬದಲಾವಣೆಯನ್ನು ಇಲ್ಲಿ ಮಾಡುವ ಅವಕಾಶವಿರಲಿಲ್ಲ. ಇಲ್ಲಿನ ಒಕ್ಕಲಿಗನಿಗೆ ಕೊರತೆಯಾಗಿದ್ದುದು ನೆಲಕ್ಕಿಂತ ಹೆಚ್ಚಾಗಿ ನೀರು. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆಯು ಅತ್ಯಂತ ದಾರುಣವಾಗಿ ನೊಂದ ಪ್ರದೇಶಗಳಲ್ಲಿ ಒಂದು. ಬಂಡೆಗಲ್ಲಿನ ಗುಡ್ಡಗಳ ನಡುವೆ ಜೋಳ, ಸಜ್ಜೆ, ನವಣೆ, ಶೇಂಗಾಗಳನ್ನು ಬೆಳೆದು, ಕೆರೆಯನ್ನೋ ಕಪಿಲೆಯ ಬಾವಿಯನ್ನೋ ನೆಚ್ಚಿ ಬದುಕಿದವರು ಇಲ್ಲಿಯ ಜನ.

ತುಂಗಭದ್ರಾ ಅಣೆಕಟ್ಟೆಗೆ ೧೯೪೫ರಲ್ಲಿ ಅಸ್ತಿಭಾರ ಬಿದ್ದು ೧೯೫೩ರಲ್ಲಿ ನೀರು ನಿಂತಿತು. ಅದರ ಹಿನ್ನೀರು ಹಗರಿಬೊಮ್ಮನಹಳ್ಳಿ, ಹಡಗಲಿ ತಾಲೂಕುಗಳ ಅಂಚನ್ನು ಮುಟ್ಟುತ್ತದೆ. ನಾರಾಯಣದೇವರಕೆರೆಯಂಥ ಊರುಗಳು ಮುಳುಗಿದುವು. ಅಲ್ಲಿಯವರು ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು. ಆದರೆ ಕಾಲುವೆಗಳು ಹೊರಡುವುದು ಹೊಸಪೇಟೆಯ ಬಳಿಯ ಕಟ್ಟೆಯಿಂದ. ಅವು ಹರಿಯುವುದು ತಗ್ಗಿನ ಬಳ್ಳಾರಿ, ಸಿರುಗುಪ್ಪ, ಕೊಪ್ಪಳ, ರಾಯಚೂರು ಮತ್ತು ಆಂಧ್ರದ ಕಡೆಗೆ. ನೀರು ಇಳಿಜಾರನ್ನು ಹುಡುಕುವುದು ಅದರ ಧರ್ಮ. ಕಟ್ಟೆಯ ಮೇಲ್ಗಡೆಯಿರುವ ನೆಲಕ್ಕೆ, ಯಂತ್ರದಿಂದ ಎತ್ತಿ ಹಾಯಿಸಿದ ಹೊರತು, ಅದು ಏರಿ ಬರಲಾರದು. ಚಿತ್ರದ ಹಾಡಿನಲ್ಲಿ ಅಣೆಕಟ್ಟೆಯು ಛಲಕ್ಕೆ ಉಪಮಾನ. ಈ ಸೀಮೆಯಲ್ಲಿ ಅಣೆಕಟ್ಟೆಯೆಂಬುದು ಮುಳುಗಿದವರು ಯಾರು, ನೀರು ಪಡೆದವರು ಯಾರು ಎಂಬ ಲೆಕ್ಕ. ಆ ಲೆಕ್ಕವು ಒಬ್ಬನ ಛಲದಿಂದ ಬಗೆಹರಿಯತಕ್ಕುದಲ್ಲ.

ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ಸೀಮೆಯವರು ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು, ಮಕ್ಕಳುಮರಿಗಳೊಡನೆ ದುಡಿಮೆಯನ್ನು ಅರಸಿ ದೂರದ ಊರುಗಳಿಗೆ ಹೋಗುವುದುಂಟು. ಇದಕ್ಕೆ ‘ಗುಳೆ’ಯೆಂದು ಹೆಸರು. ರಾಜೀವನು ಊರು ಬಿಟ್ಟುದು ಕಣಜ ತುಂಬಿದ ಮೇಲೆ, ಮನಸ್ಸು ನೊಂದು. ಗುಳೆಯವರು ಊರು ಬಿಡುವುದು ಕಣಜ ಬರಿದಾಗಿ, ಹೊಟ್ಟೆ ನೊಂದು. ಅವನ ನಿರ್ಗಮನಕ್ಕೆ ಹಿನ್ನೆಲೆಯ ಸಂಗೀತವೂ ಊರಿನ ಕಣ್ಣೀರೂ ಇವೆ. ಇವರದು ಬಸ್ಸಿನ ಮಾಡಿನ ಮೇಲೆ ಹಾಸಿಗೆಯ ಸುರುಳಿಯನ್ನು ಏರಿಸುವುದರಲ್ಲಿ ಮುಗಿಯುತ್ತದೆ. ಹಳ್ಳಿಯನ್ನು ಬಿಡುವವನು ನೆಲವನ್ನು ನಂಬದವನು, ಸೋಮಾರಿ, ಪಟ್ಟಣದ ಮೋಹಕ್ಕೆ ಬಿದ್ದವನು ಎಂಬ ನೀತಿಯನ್ನು ಚಿತ್ರದ ವಾಚ್ಯದಿಂದ ತೆಗೆದುಕೊಂಡರೆ ಗುಳೆ ಹೋಗುವವರ ಮೇಲೆ ದೊಡ್ಡ ಅನ್ಯಾಯವಾಗುತ್ತದೆ. ಛಲದ ಬೋಧೆಗೆ ಇರುವ ಅಪಾಯವು ಇದೇ: ಬೆಳೆ ಬಾರದಿದ್ದರೆ ತಪ್ಪು ಬೆಳೆಗಾರನದೇ ಎಂದು ಅದು ಹೇಳದೆಯೇ ಹೇಳುತ್ತದೆ. ಮುಂದಿನ ದಶಕಗಳಲ್ಲಿ ಕರ್ನಾಟಕದ ಒಣಪ್ರದೇಶಗಳಲ್ಲೆಲ್ಲ ಒಬ್ಬೊಬ್ಬನೂ ತನ್ನ ಛಲವನ್ನೇ ನಂಬಿ ಸಾಲ ಮಾಡಿ ಕೊಳವೆಬಾವಿಗಳನ್ನು ಕೊರೆಯಿಸಿದುದೂ, ಅಂತರ್ಜಲವು ಪಾತಾಳವನ್ನು ಸೇರಿದುದೂ ಎಲ್ಲರಿಗೂ ತಿಳಿದ ಸಂಗತಿ.

೭

ಚಿತ್ರದಲ್ಲಿ ಬಿಟ್ಟುಹೋದ ಇನ್ನೊಂದು ವಿಷಯವನ್ನು ತಿಳಿಯಲು ಮೂರು ವರ್ಷಗಳ ಅನಂತರ ಬಂದ ಇನ್ನೊಂದು ಕನ್ನಡ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಬೇಕು. ಶಿವರಾಮ ಕಾರಂತರ ೧೯೩೩ರ ಕಾದಂಬರಿಯನ್ನು ಆಧರಿಸಿ ಬಿ. ವಿ. ಕಾರಂತರು ೧೯೭೫ರಲ್ಲಿ ನಿರ್ದೇಶಿಸಿದ ‘ಚೋಮನ ದುಡಿ’ಯು ಆ ವರ್ಷದ ಅತ್ಯುತ್ತಮ ಭಾರತೀಯ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು, ಚೋಮನ ಪಾತ್ರವನ್ನು ಧರಿಸಿದ ಎಂ. ವಿ. ವಾಸುದೇವರಾಯರಿಗೆ ಶ್ರೇಷ್ಠ ನಟನೆಂಬ ಪ್ರಶಸ್ತಿ ಬಂದಿತು. ಚೋಮನಿಗೆ ಜೋಡಿ ಎತ್ತುಗಳಿವೆ, ಛಲವೂ ಇದೆ, ಬೇಸಾಯ ಮಾಡಬೇಕೆಂಬ ಆಸೆಯು ಅವನ ಪ್ರಾಣದಷ್ಟು ದೊಡ್ಡದು. ಆದರೆ ಅವನು ಅಸ್ಪೃಶ್ಯನೆನಿಸಿದ ಜಾತಿಯಲ್ಲಿ ಹುಟ್ಟಿದವನು; ಉಳಲು ಅವನಿಗೆ ಅಂಗೈಯಗಲದ ನೆಲವೂ ದೊರೆಯುವುದಿಲ್ಲ. ಮಕ್ಕಳನ್ನು ಒಬ್ಬೊಬ್ಬರಾಗಿ ಕಳೆದುಕೊಂಡು, ಕೊನೆಗೆ ದುಡಿಯನ್ನು ಬಾರಿಸುತ್ತ ಅವನು ಸಾಯುತ್ತಾನೆ.

ಎರಡು ಚಿತ್ರಗಳ ವಸ್ತುವೂ ನೆಲವೇ, ನಾಯಕನೂ ನೆಲವನ್ನು ಪ್ರೀತಿಸಿದವನೇ. ಒಬ್ಬನಿಗೆ ಕಲ್ಲು ಎದುರಾಗುತ್ತದೆ, ಕಲ್ಲು ಒಡೆಯುತ್ತದೆ. ಇನ್ನೊಬ್ಬನಿಗೆ ಜಾತಿಯು ಎದುರಾಗುತ್ತದೆ, ಅದು ಒಡೆಯುವುದಿಲ್ಲ. ಒಂದರಲ್ಲಿ ಹಾಡು ವರ್ಷಗಳನ್ನು ನುಂಗಿ ಬೆಳೆಯನ್ನು ತೋರಿಸುತ್ತದೆ. ಇನ್ನೊಂದರಲ್ಲಿ ದುಡಿಯ ಬಡಿತವು ಮುಂದೆ ಸಾಗದೆ ನಿಂತ ಕಾಲವನ್ನು ಕೇಳಿಸುತ್ತದೆ. ಒಂದರಲ್ಲಿ ತ್ಯಾಗ ಮಾಡಲು ನಾಯಕನ ಬಳಿ ಆಸ್ತಿಯಿದೆ. ಇನ್ನೊಂದರಲ್ಲಿ ತ್ಯಜಿಸುವುದಕ್ಕೂ ಏನೂ ಇಲ್ಲ. ಮೊದಲನೆಯದನ್ನು ಲಕ್ಷಾಂತರ ಜನ ನೋಡಿದರು. ಎರಡನೆಯದನ್ನು ನೋಡಿದವರು ಅದಕ್ಕಿಂತ ಬಹು ಕಡಿಮೆ. ಆದುದರಿಂದ ಮೊದಲನೆಯದು ಕೀಳು, ಎರಡನೆಯದು ಮೇಲು ಎಂದು ತೀರ್ಪು ಕೊಡುವುದು ಸುಲಭ. ಆದರೆ ಆ ತೀರ್ಪಿನಿಂದ ಪ್ರಯೋಜನವು ಸ್ವಲ್ಪ. ‘ಚೋಮನ ದುಡಿ’ಯು ತೋರಿಸುವ ಸತ್ಯವು ‘ಬಂಗಾರದ ಮನುಷ್ಯ’ದಲ್ಲಿ ಇಲ್ಲ, ‘ಬಂಗಾರದ ಮನುಷ್ಯ’ವು ಕೊಟ್ಟ ಧೈರ್ಯವು ‘ಚೋಮನ ದುಡಿ’ಯಲ್ಲಿ ಇಲ್ಲ. ನೆಲವನ್ನು ಕುರಿತು ಆ ಕಾಲದ ಕನ್ನಡ ಮನಸ್ಸು ಹೇಗೆ ಯೋಚಿಸಿತೆಂಬುದನ್ನು ಅರಿಯಲು ಎರಡೂ ಬೇಕು.

೮

ಸಾಹಿತ್ಯವನ್ನು ಪಾಠ ಹೇಳುವವರಿಗೆ ಈ ವಿಚಾರದಿಂದ ದೊರೆಯುವ ಉಪಯೋಗವು ಸ್ಪಷ್ಟವಾಗಿದೆ. ಒಂದು ಕೃತಿಯ ಸಾಮಾಜಿಕ ಪರಿಣಾಮವನ್ನು ಅದರ ಸಂದೇಶದಿಂದ ಮಾತ್ರ ಅಳೆಯಲಾಗದು. ‘ಬಂಗಾರದ ಮನುಷ್ಯ’ದ ಸಂದೇಶವನ್ನೇ ಹೇಳುವ ಭಾಷಣಗಳೂ ಕರಪತ್ರಗಳೂ ಆ ದಿನಗಳಲ್ಲಿ ಬೇಕಾದಷ್ಟು ಇದ್ದುವು, ಅವು ಯಾರ ನೆನಪಿನಲ್ಲಿಯೂ ಉಳಿದಿಲ್ಲ. ಚಿತ್ರವು ಉಳಿದುದು ಹಾಡಿನ ಸಂಕಲನದಿಂದ, ನಟನ ಬಿಂಬದಿಂದ, ಬಾಹುಬಲಿಯ ಎರಕದ ಕೊನೆಯಿಂದ. ಅದರ ಪ್ರಭಾವವನ್ನು ಹೊತ್ತು ತಂದ ಈ ಮೂರು ಉಪಾಯಗಳೇ ಅದರ ಮರೆವುಗಳನ್ನೂ ತಂದುವು: ಸಂಕಲನವು ಕಾಯುವಿಕೆಯನ್ನು ಮರೆಯಿಸಿತು, ನಾಯಕನ ಬಿಂಬವು ರಾಜ್ಯಶಕ್ತಿಯನ್ನೂ ಸಮೂಹವನ್ನೂ ಮರೆಯಿಸಿತು, ತ್ಯಾಗವು ಹಕ್ಕನ್ನು ಮರೆಯಿಸಿತು. ಗುಣವೂ ದೋಷವೂ ಒಂದೇ ಬೇರಿನಿಂದ ಹುಟ್ಟಿದುದನ್ನು ವಿದ್ಯಾರ್ಥಿಗಳಿಗೆ ತೋರಿಸಿಕೊಡುವುದು ವಿಮರ್ಶೆಯ ಒಳ್ಳೆಯ ಪಾಠ.

ಪಾಠವನ್ನು ಕೂಡ್ಲಿಗಿಯಲ್ಲಿಯೋ ಹರಪನಹಳ್ಳಿಯಲ್ಲಿಯೋ ತಂಬ್ರಹಳ್ಳಿಯಲ್ಲಿಯೋ ಹೇಳುವ ಅಧ್ಯಾಪಕರಿಗೆ ಇನ್ನೂ ಒಂದು ಅನುಕೂಲವಿದೆ. ಅವರ ತರಗತಿಯಲ್ಲಿ ಗುಳೆ ಹೋಗಿ ಬಂದ ಮನೆಯ ಮಕ್ಕಳಿರುತ್ತಾರೆ. ರಾಜೀವನು ಕಲ್ಲನ್ನು ಒಡೆದುದನ್ನು ನೋಡಿ ಅವರು ಹಿಗ್ಗಲಿ. ಹಿಗ್ಗಲು ಅವರಿಗೆ ಎಲ್ಲ ಹಕ್ಕೂ ಇದೆ. ಆಮೇಲೆ, ಆ ಹೊಲಕ್ಕೆ ನೀರು ಎಲ್ಲಿಂದ ಬಂದಿತು, ಹೊಲವು ಯಾರ ಹೆಸರಿನಲ್ಲಿತ್ತು, ಮಳೆ ಬಾರದ ವರ್ಷ ಅವರೇನು ಮಾಡಿದರು ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ಆ ಮಕ್ಕಳಿಗೆ ಕಷ್ಟವಾಗದು. ಚಿತ್ರಕ್ಕೆ ಅದರಿಂದ ಯಾವ ಕುಂದೂ ಬಾರದು. ಹಳ್ಳಿಯ ಪರವಾಗಿ ನಿಂತ ಒಂದು ಕೃತಿಯನ್ನು ಹಳ್ಳಿಯ ಅನುಭವದಿಂದ ಪ್ರಶ್ನಿಸುವುದು ಅದಕ್ಕೆ ಸಲ್ಲಿಸತಕ್ಕ ಯೋಗ್ಯವಾದ ಗೌರವವೇ ಆಗಿದೆ.